ಟಿಪ್ಸ್ ಕೊಡುವ ನಾಲ್ಕು ದಾರಿ: ಯಾವುದರಲ್ಲಿ ಹಣ ಸಪ್ಲೈಯರ್ ಕೈ ಸೇರುತ್ತದೆ?

ಹೊರಗೆ ಊಟಕ್ಕೆ ಹೋದಾಗ ಟಿಪ್ಸ್ ಕೊಡಬೇಕೇ? ಮೇಜಿಗೆ ಬಂದು ಕೇಳಿ, ತಂದು, ಬಡಿಸಿ, ಎತ್ತಿದ್ದರೆ ಕೊಡಿ ಎಂಬುದೇ ನನ್ನ ಉತ್ತರ. ಆದರೆ ಕೊಟ್ಟದ್ದು ಕೆಲಸ ಮಾಡಿದವರಿಗೆ ಮುಟ್ಟುವ ಹಾಗೆ ಕೊಡಿ. ಈಗ ಗ್ರಾಹಕರ ಮುಂದೆ ನಾಲ್ಕು ದಾರಿಗಳಿವೆ: ಕೈಗೆ ನಗದು, ಕಾರ್ಡ್ ಮೆಷಿನ್ ಪರದೆಯ ಶೇಕಡಾ ಬಟನ್, ಮೇಜಿನ ಮೇಲಿನ ಕ್ಯೂಆರ್ ಕೋಡ್, ಬಿಲ್ಲಿನಲ್ಲೇ ಸೇರಿಸಿದ ಸರ್ವೀಸ್ ಚಾರ್ಜ್. ನಾಲ್ಕೂ ಒಂದೇ ಎಂದು ನಂಬಿ ಜನ ಸಿಕ್ಕಿದ ದಾರಿಯಲ್ಲಿ ಕೊಟ್ಟುಬಿಡುತ್ತಾರೆ. ಒಂದರಲ್ಲಿ ಹಣ ಅಂದೇ ರಾತ್ರಿ ಸಪ್ಲೈಯರ್ ಜೇಬಿನಲ್ಲಿರುತ್ತದೆ. ಇನ್ನೊಂದರಲ್ಲಿ ಅದು ಪೂರ್ತಿ ಮಾಲೀಕರ ಆದಾಯವಾಗಿಬಿಡಬಹುದು. ಆದ್ದರಿಂದ ಈ ನಾಲ್ಕನ್ನೂ ಹಣದ ಜಾಡು ಹಿಡಿದು ನೋಡಿದ್ದೇನೆ.

ನಗದು

ನಾಲ್ಕರಲ್ಲಿ ನನ್ನ ಮೊದಲ ಆಯ್ಕೆ ಇದೇ. ಕಾರ್ಡಿನಲ್ಲಿ ಕೊಟ್ಟ ಟಿಪ್ಸ್ ಮೊದಲು ಹೋಟೆಲಿನ ಖಾತೆಗೆ ಬೀಳುತ್ತದೆ, ಅಲ್ಲಿಂದ ವಾರಕ್ಕೋ ತಿಂಗಳಿಗೋ ಸಂಬಳದ ಜೊತೆ ಬರುತ್ತದೆ. ನಗದು ಶಿಫ್ಟ್ ಮುಗಿಯುವ ಹೊತ್ತಿಗೇ ಸಿಗುತ್ತದೆ, ಮೆಷಿನ್ ಶುಲ್ಕವೂ ಕಡಿತವಾಗುವುದಿಲ್ಲ.

ಕೆಡುವುದು ಕೊಡುವ ರೀತಿಯಲ್ಲಿ. ಬಿಲ್ ಫೋಲ್ಡರಿನೊಳಗೆ ಬಿಲ್ಲಿನ ಹಣ, ಟಿಪ್ಸ್ ಎರಡನ್ನೂ ಒಟ್ಟಿಗೆ ಇಟ್ಟು ಎದ್ದುಹೋಗುವುದು ತೀರಾ ಸಾಮಾನ್ಯ. ಆ ಫೋಲ್ಡರನ್ನು ಎತ್ತುವವರು ನಿಮಗೆ ಬಡಿಸಿದವರೇ ಆಗಿರಬೇಕೆಂದಿಲ್ಲ. ಅದು ನೇರ ಕ್ಯಾಶಿಯರ್ ಹತ್ತಿರ ಹೋದರೆ ಎಲ್ಲವೂ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ರಾತ್ರಿ ಲೆಕ್ಕ ಮುಗಿಸುವಾಗ ಇಷ್ಟು ಹಣ ಹೆಚ್ಚಿಗೆ ಬಂದಿದೆ ಎಂದಷ್ಟೇ ಕಾಣುತ್ತದೆ, ಯಾವ ಮೇಜಿನದು ಎಂದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಬಿಲ್ಲನ್ನು ಮೊದಲು ಪೂರ್ತಿ ಚುಕ್ತಾ ಮಾಡಿ. ಚಿಲ್ಲರೆ ವಾಪಸ್ ಬಂದ ಮೇಲೆ ಟಿಪ್ಸನ್ನು ಬೇರೆಯಾಗಿ ಕೈಗೇ ಕೊಟ್ಟು, "ಇದು ನಿಮಗೆ" ಎಂದು ಹೇಳಿ.

"ಚಿಲ್ಲರೆ ನೀವೇ ಇಟ್ಟುಕೊಳ್ಳಿ" ಎನ್ನುವ ಮುಂಚೆ ಆ ಚಿಲ್ಲರೆ ಎಷ್ಟೆಂದು ನೋಡಿ. 985ರ ಬಿಲ್ಲಿಗೆ 1000 ಕೊಟ್ಟರೆ ಉಳಿಯುವುದು 15. ಅಂದರೆ ಶೇ 1.5. ಧಾರಾಳವಾಗಿ ಕೊಟ್ಟೆ ಎಂಬ ಸಮಾಧಾನ ನಿಮಗಿರುತ್ತದೆ, ಪಡೆದವರಿಗೆ ಇರುವುದಿಲ್ಲ.

ಟಿಪ್ಸನ್ನೆಲ್ಲ ಒಂದು ಡಬ್ಬಿಯಲ್ಲಿ ಒಟ್ಟುಗೂಡಿಸಿ ಹಂಚುವ ಪದ್ಧತಿ ಇರುವ ಕಡೆ ನಗದೂ ಆ ಡಬ್ಬಿಗೇ ಹೋಗಬೇಕೆಂಬ ನಿಯಮ ಇರುತ್ತದೆ. ಅಲ್ಲಿ ಕದ್ದುಮುಚ್ಚಿ ಕೈಗೆ ತುರುಕಿದರೆ ಸಪ್ಲೈಯರ್ ಸಹೋದ್ಯೋಗಿಗಳ ಎದುರು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. "ಇಲ್ಲಿ ಟಿಪ್ಸ್ ನಿಮಗೇ ಸಿಗುತ್ತದಾ, ಎಲ್ಲರೂ ಹಂಚಿಕೊಳ್ಳುತ್ತೀರಾ?" ಎಂದು ನೇರವಾಗಿ ಕೇಳಿ. ಈ ಪ್ರಶ್ನೆಗೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಉತ್ತರ ತಡವರಿಸಿದರೆ, ಅಥವಾ ಕಣ್ಣು ಮ್ಯಾನೇಜರ್ ಕಡೆ ಹೊರಳಿದರೆ, ಆ ಜಾಗದ ವ್ಯವಸ್ಥೆ ಹೇಗಿದೆ ಎಂಬುದು ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಕಾರ್ಡ್ ಮೆಷಿನ್ ಪರದೆ

ಬಿಲ್ ಮೊತ್ತ ಒತ್ತಿ ಮೆಷಿನನ್ನು ನಿಮ್ಮ ಕಡೆ ತಿರುಗಿಸುತ್ತಾರೆ. ಪರದೆಯ ಮೇಲೆ ಮೂರು ದೊಡ್ಡ ಬಟನ್, 15, 18, 20 ಅಥವಾ 18, 20, 25. ಅದರ ಕೆಳಗೆ ಚಿಕ್ಕದಾಗಿ "ಬೇರೆ ಮೊತ್ತ". ಇನ್ನೂ ಕೆಳಗೆ, ಹಲವು ಮೆಷಿನ್‌ಗಳಲ್ಲಿ ಮಾಸಲು ಬಣ್ಣದಲ್ಲಿ, "ಟಿಪ್ಸ್ ಬೇಡ". ಈ ಸಂಖ್ಯೆಗಳನ್ನು ಯಾವ ಕಾನೂನೂ ನಿಗದಿ ಮಾಡಿಲ್ಲ. ಮೆಷಿನ್ ಸೆಟ್ಟಿಂಗ್‌ನಲ್ಲಿ ಮಾಲೀಕರು ತುಂಬಿದ ಸಂಖ್ಯೆಗಳು ಅವು. ಮೂರು ಆಯ್ಕೆ ಕಂಡಾಗ ಬಹಳ ಮಂದಿಯ ಬೆರಳು ನಡುವಿನದಕ್ಕೆ ಹೋಗುತ್ತದೆ. ನಡುವಿನದನ್ನು 15ರಿಂದ 20ಕ್ಕೆ ಏರಿಸಿದರೆ ಕೊಡುವ ಮೊತ್ತವೂ ಏರುತ್ತದೆ. ಒಪ್ಪದಿದ್ದರೆ "ಬೇರೆ ಮೊತ್ತ" ಒತ್ತಿ ನಿಮಗೆ ಬೇಕಾದಷ್ಟು ಹಾಕಿ. ಅದಕ್ಕೆ ಸಂಕೋಚ ಬೇಕಿಲ್ಲ.

ಬಟನ್‌ಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಶೇಕಡಾ ಯಾವ ಮೊತ್ತದ ಮೇಲೆ ಎಂಬುದಕ್ಕೆ. ಊಟದ್ದು 1000, ತೆರಿಗೆ ಶೇ 10 ಎಂದಿಟ್ಟುಕೊಳ್ಳಿ. ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಶೇ 15 ಎಂದರೆ 150. ತೆರಿಗೆ ಸೇರಿದ 1100ರ ಮೇಲೆ ಆದರೆ 165. ಸರ್ಕಾರಕ್ಕೆ ಹೋಗುವ ತೆರಿಗೆಯ ಮೇಲೂ ಟಿಪ್ಸ್ ಕೊಟ್ಟಂತಾಯಿತು. ಎರಡರಲ್ಲಿ ಯಾವುದೆಂಬುದೂ ಒಂದು ಸೆಟ್ಟಿಂಗ್ ಅಷ್ಟೆ, ಪರದೆಯಲ್ಲಿ ಅದು ಹೆಚ್ಚಾಗಿ ಬರೆದಿರುವುದಿಲ್ಲ. ಬಿಲ್ಲಿನ ಮೊದಲ ಮೊತ್ತಕ್ಕೆ ಶೇ 10 ಎಷ್ಟೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ (ಕೊನೆಯ ಒಂದು ಅಂಕೆ ತೆಗೆದರಾಯಿತು), ಅದರ ಅರ್ಧ ಸೇರಿಸಿದರೆ ಶೇ 15. ಪರದೆ ತೋರಿಸುವುದು ಅದಕ್ಕಿಂತ ಹೆಚ್ಚಿದ್ದರೆ ಕಾರಣ ಇದೇ ಇರುತ್ತದೆ.

ರಿಯಾಯಿತಿ ಕೂಪನ್ ಇದ್ದಾಗ ಲೆಕ್ಕ ತಿರುಗುತ್ತದೆ. 1000ರ ಊಟ ಕೂಪನ್‌ನಿಂದ 500ಕ್ಕೆ ಸಿಕ್ಕಿತೆಂದರೆ ಮೆಷಿನ್ 500ರ ಮೇಲೆ ಲೆಕ್ಕ ಹಾಕುತ್ತದೆ. ಸಪ್ಲೈಯರ್ ಹೊತ್ತ ತಟ್ಟೆಗಳು ಮಾತ್ರ 1000ರ ಊಟದ್ದೇ. ಇಲ್ಲಿ 1000ರ ಮೇಲೆ ಕೊಡುವುದು ನ್ಯಾಯ.

ಪಿನ್ ಒತ್ತುವ ಪದ್ಧತಿ ಇರುವ ಕಡೆ ಟಿಪ್ಸ್ ಸೇರಿದ ಪೂರ್ತಿ ಮೊತ್ತ ಪಿನ್‌ಗೆ ಮುಂಚೆಯೇ ಪರದೆಯಲ್ಲಿ ಬರುತ್ತದೆ, ಗೊಂದಲವಿಲ್ಲ. ಕಾಗದದ ಚೀಟಿಗೆ ಸಹಿ ಹಾಕುವ ಪದ್ಧತಿಯಲ್ಲಿ ಹೆಚ್ಚು ಎಚ್ಚರ ಬೇಕು. ಅಲ್ಲಿ ಮೊದಲು ಬಿಲ್ ಮೊತ್ತಕ್ಕಷ್ಟೇ ಬ್ಯಾಂಕಿನ ಒಪ್ಪಿಗೆ ಪಡೆಯುತ್ತಾರೆ. ನೀವು ಚೀಟಿಯಲ್ಲಿ ಬರೆದ ಟಿಪ್ಸನ್ನು ಆಮೇಲೆ ಸಿಬ್ಬಂದಿ ಕೈಯಾರೆ ಮೆಷಿನ್‌ಗೆ ತುಂಬುತ್ತಾರೆ. ದಿನದ ವ್ಯವಹಾರ ಮುಚ್ಚುವ ಮೊದಲು ತುಂಬಲು ಮರೆತರೆ ಟಿಪ್ಸ್ ಹೋದಂತೆಯೇ. ಅಕ್ಷರ ಅಸ್ಪಷ್ಟವಾಗಿದ್ದರೆ 15.00 ಎನ್ನುವುದು 150 ಆಗಿಬಿಡುತ್ತದೆ. ಆದ್ದರಿಂದ ಟಿಪ್ಸ್ ಸಾಲು, ಒಟ್ಟು ಸಾಲು ಎರಡನ್ನೂ ಬಿಡಿಸಿ ಬರೆಯಿರಿ. ನಗದು ಕೊಡುವುದಾದರೆ ಟಿಪ್ಸ್ ಸಾಲನ್ನು ಖಾಲಿ ಬಿಡದೆ "ನಗದು ಕೊಟ್ಟಿದೆ" ಎಂದು ಬರೆದು ಗೆರೆ ಎಳೆಯಿರಿ. ನಿಮ್ಮ ಪ್ರತಿ ಇಟ್ಟುಕೊಂಡು, ಮೂರು ನಾಲ್ಕು ದಿನ ಬಿಟ್ಟು ಕಾರ್ಡ್ ಸ್ಟೇಟ್‌ಮೆಂಟ್ ನೋಡಿ. ಫೋನಿಗೆ ಮೊದಲು ಬಂದ ಸಂದೇಶದಲ್ಲಿ ಟಿಪ್ಸ್ ಇಲ್ಲದ ಮೊತ್ತ ಇರುತ್ತದೆ, ಅದನ್ನು ಕಂಡು ಟಿಪ್ಸ್ ಹೋಗಿಲ್ಲವೆಂದು ತಿಳಿಯಬೇಡಿ.

ಕಾರ್ಡಿನಲ್ಲಿ ಇನ್ನೊಂದು ಸೋರಿಕೆ ಮೆಷಿನ್ ಶುಲ್ಕ. ಟಿಪ್ಸ್ ಭಾಗದ ಮೇಲೂ ಕಾರ್ಡ್ ಸಂಸ್ಥೆ ಶುಲ್ಕ ಹಿಡಿಯುತ್ತದೆ. ಅದನ್ನು ಮಾಲೀಕರು ಹೊರಬೇಕೇ ಸಿಬ್ಬಂದಿಯೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಫೆಡರಲ್ ನಿಯಮದಂತೆ ಆ ಪಾಲಿನಷ್ಟು ಶುಲ್ಕವನ್ನು ಟಿಪ್ಸ್‌ನಿಂದ ಕಡಿಯಬಹುದು, ಕೆಲವು ರಾಜ್ಯಗಳು ಮಾತ್ರ ಬೇಡವೆಂದಿವೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಾದ ಟಿಪ್ಸ್ ಹಂಚಿಕೆ ಕಾಯ್ದೆ ಈ ಕಡಿತಕ್ಕೆ ಅವಕಾಶ ಕೊಡುವುದಿಲ್ಲ. ತೆರಿಗೆ ಬಿಟ್ಟು ಬೇರೇನನ್ನೂ ಹಿಡಿಯುವಂತಿಲ್ಲ, ಟಿಪ್ಸ್ ಬಂದ ಮರು ತಿಂಗಳ ಕೊನೆಯೊಳಗೆ ಹಂಚಬೇಕು, ಹಂಚಿಕೆಯ ನಿಯಮ ಬರಹದಲ್ಲಿರಬೇಕು, ದಾಖಲೆ ಮೂರು ವರ್ಷ ಇಡಬೇಕು. ನಾನು ನೋಡಿದ ನಿಯಮಗಳಲ್ಲಿ ಕೆಲಸಗಾರರ ಪರ ಇಷ್ಟು ಬಿಗಿಯಾಗಿ ಬರೆದದ್ದು ಇನ್ನೊಂದಿಲ್ಲ.

ಕೌಂಟರಿನಲ್ಲಿ ನೀವೇ ನಿಂತು ತೆಗೆದುಕೊಳ್ಳುವ ಜಾಗಗಳಲ್ಲೂ ಈಗ ಇದೇ ಪರದೆ ಬರುತ್ತಿದೆ. ಅಲ್ಲಿ ಹಣ ಕಟ್ಟುವಾಗ ಸೇವೆ ಇನ್ನೂ ಶುರುವೇ ಆಗಿರುವುದಿಲ್ಲ. "ಟಿಪ್ಸ್ ಬೇಡ" ಒತ್ತುವುದು ಅಲ್ಲಿ ಒರಟುತನವಲ್ಲ. ಯಾರಾದರೂ ಆಮೇಲೆ ನಿಮಗಾಗಿ ವಿಶೇಷವಾಗಿ ಏನಾದರೂ ಮಾಡಿಕೊಟ್ಟರೆ ಆಗ ನಗದು ಕೊಡಿ.

ಕ್ಯೂಆರ್ ಕೋಡ್

ಸ್ಕ್ಯಾನ್ ಮಾಡಿದ ಮೇಲೆ ಫೋನಿನಲ್ಲಿ ಬರುವ ಹೆಸರು ನೋಡಿ, ಎಲ್ಲವೂ ಅದರಲ್ಲೇ ಇದೆ. ಸಪ್ಲೈಯರ್ ಹೆಸರೇ ಬಂದರೆ ಇದು ನಗದಿಗೆ ಸಮ. ಹೋಟೆಲಿನ ಹೆಸರು ಬಂದರೆ ಬಿಲ್ಲಿನ ಖಾತೆಗೇ ಹೋಗುತ್ತಿದೆ, ಟಿಪ್ಸ್ ಎಂದು ಬೇರೆ ಗುರುತಾಗುತ್ತದೆ ಎಂಬ ಖಾತ್ರಿ ಇಲ್ಲ. ಮಧ್ಯವರ್ತಿ ಆ್ಯಪ್‌ನ ಹೆಸರು ಬಂದರೆ ಅದರ ಕಮಿಷನ್ ಎಷ್ಟು, ಅದನ್ನು ನಿಮ್ಮಿಂದ ಹಿಡಿಯುತ್ತದೋ ಅವರಿಂದಲೋ ಎಂದು ಪರದೆಯ ಕೆಳಗೆ ಓದಿ. ಸಂಬಂಧವೇ ಇಲ್ಲದ ಹೆಸರು ಬಂದರೆ ನಿಲ್ಲಿಸಿ, ಸ್ಟಿಕ್ಕರ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿ ಮೋಸ ಮಾಡುವವರಿದ್ದಾರೆ; ಅಂಚನ್ನು ಉಗುರಿನಿಂದ ಮುಟ್ಟಿದರೆ ಎರಡು ಪದರ ಗೊತ್ತಾಗುತ್ತದೆ.

ಸರ್ವೀಸ್ ಚಾರ್ಜ್

ನಾಲ್ಕರಲ್ಲಿ ಅತಿ ಕೆಳಗೆ ನಾನು ಇಡುವುದು ಇದನ್ನು. ಹೆಸರಿನಲ್ಲಿ ಸರ್ವೀಸ್ ಇದೆ ಎಂದ ಮಾತ್ರಕ್ಕೆ ಸೇವೆ ಮಾಡಿದವರಿಗೆ ಸಿಗುತ್ತದೆ ಎಂದಲ್ಲ. ಅಮೆರಿಕದ ತೆರಿಗೆ ಇಲಾಖೆ ಇದನ್ನು ಸ್ಪಷ್ಟವಾಗಿಯೇ ಬೇರ್ಪಡಿಸಿದೆ. ಟಿಪ್ಸ್ ಎನಿಸಿಕೊಳ್ಳಬೇಕಾದರೆ ಬಲವಂತ ಇರಬಾರದು, ಎಷ್ಟೆಂದು ಗ್ರಾಹಕರೇ ತೀರ್ಮಾನಿಸಬೇಕು, ಮಾಲೀಕರ ನಿಯಮ ಅದನ್ನು ನಿಗದಿ ಮಾಡಿರಬಾರದು, ಯಾರಿಗೆ ಎಂಬುದೂ ಸಾಮಾನ್ಯವಾಗಿ ಗ್ರಾಹಕರ ಕೈಯಲ್ಲಿರಬೇಕು. ಆರೋ ಎಂಟೋ ಜನರ ಗುಂಪಿಗೆ ತಾನಾಗಿ ಸೇರಿಸುವ ಶೇ 18 ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಅದು ಹೋಟೆಲಿನ ಆದಾಯ, ಅದರಿಂದ ಸಿಬ್ಬಂದಿಗೆ ಕೊಟ್ಟರೆ ಅದು ಸಂಬಳ. ಬ್ರಿಟನ್‌ನ ಹೊಸ ಕಾಯ್ದೆ ಮಾತ್ರ ಸರ್ವೀಸ್ ಚಾರ್ಜನ್ನೂ ಸಿಬ್ಬಂದಿಗೇ ಹಂಚಬೇಕೆನ್ನುತ್ತದೆ. ಫ್ರಾನ್ಸ್‌ನಲ್ಲಿ ಮೆನುವಿನ ಬೆಲೆಯಲ್ಲೇ ಸೇವೆ ಸೇರಿರುತ್ತದೆ, ಮೇಲೆ ಬಿಡುವ ಚಿಲ್ಲರೆ ಪೂರ್ತಿ ಇಷ್ಟದ್ದು. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಸರ್ವೀಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಎಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು.

ಗ್ರಾಹಕರಿಗೆ ಇದರ ಪೆಟ್ಟು ಬೀಳುವುದು ಪರದೆಯೂ ಜೊತೆ ಸೇರಿದಾಗ. ಮೇಲಿನ ಅದೇ 1000ರ ಊಟಕ್ಕೆ ಶೇ 10 ಸರ್ವೀಸ್ ಚಾರ್ಜ್ ಸೇರಿಸಿ: 1100. ಅದರ ಮೇಲೆ ಶೇ 10 ತೆರಿಗೆ: 1210. ಈಗ ಮೆಷಿನ್ ಪರದೆ ಶೇ 15 ಕೇಳುತ್ತದೆ: 181.50. ಸೇವೆಯ ಹೆಸರಿನಲ್ಲಿ ನೀವು ಕೊಟ್ಟದ್ದು ಒಟ್ಟು 281.50, ಅಂದರೆ ಊಟದ ಬೆಲೆಯ ಶೇ 28ಕ್ಕೂ ಹೆಚ್ಚು. ಅದರಲ್ಲಿ 100 ಸಿಬ್ಬಂದಿಗೆ ಹೋಗುತ್ತದೋ ಇಲ್ಲವೋ ತಿಳಿಯದು. ಬಿಲ್ ಬಂದ ತಕ್ಷಣ ಒಟ್ಟು ಮೊತ್ತ ನೋಡುವ ಬದಲು ತಿಂಡಿ-ಊಟದ ಸಾಲುಗಳು ಮುಗಿದು ತೆರಿಗೆ ಶುರುವಾಗುವ ಮಧ್ಯದ ಸಾಲು ನೋಡಿ. ಸರ್ವೀಸ್ ಚಾರ್ಜ್ ಕುಳಿತಿರುವುದು ಅಲ್ಲೇ.

ಅದು ಕಂಡರೆ ಮ್ಯಾನೇಜರನ್ನು ಕರೆದು, ಇದು ಐಚ್ಛಿಕವೇ, ಸಿಬ್ಬಂದಿಗೆ ಎಷ್ಟು ಪಾಲು ಹೋಗುತ್ತದೆ ಎಂದು ಕೇಳಿ. ಸ್ಪಷ್ಟ ಉತ್ತರ ಬಂದರೆ ಅದನ್ನೇ ಟಿಪ್ಸ್ ಎಂದು ಕಟ್ಟಿ, ಮೇಲೆ ಕೊಡಬೇಕಿಲ್ಲ. ಉತ್ತರ ಬರದಿದ್ದರೆ, ಕಾನೂನು ಅವಕಾಶ ಕೊಟ್ಟಿರುವ ಕಡೆ, ತೆಗೆದು ಹೊಸ ಬಿಲ್ ಕೊಡಲು ಹೇಳಿ; ಉಳಿದ ಹಣವನ್ನು ಸಪ್ಲೈಯರ್ ಕೈಗೆ ಕೊಡಿ. ಈ ಮಾತನ್ನು ಸಪ್ಲೈಯರ್ ಜೊತೆ ಆಡಬೇಡಿ, ಬಿಲ್ಲಿನ ನಿಯಮ ಅವರು ಮಾಡಿದ್ದಲ್ಲ. ತೆಗೆಸಿಕೊಂಡು ಏನೂ ಕೊಡದೆ ಎದ್ದುಹೋಗುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಡಬ್ಬಿಯೊಳಗೆ ಏನಾಗುತ್ತದೆ

ಹಂಚಿಕೆಯ ಲೆಕ್ಕ ತಿಳಿದರೆ ಯಾರಿಗೆ ಎಷ್ಟು ಹೋಗುತ್ತದೆ ಎಂಬ ಊಹಾಪೋಹ ನಿಲ್ಲುತ್ತದೆ. ಹೆಚ್ಚು ಬಳಕೆಯಲ್ಲಿರುವುದು ಪಾಯಿಂಟ್ ಪದ್ಧತಿ. ಒಂದು ರಾತ್ರಿ 6000 ಕೂಡಿತು ಎನ್ನಿ. ಸಪ್ಲೈಯರ್ ಮೂವರು, ತಲಾ 10 ಪಾಯಿಂಟ್. ಮೇಜು ಒರೆಸಿ ತಟ್ಟೆ ಎತ್ತುವವರು ಇಬ್ಬರು, ತಲಾ 5. ಪಾನೀಯ ಸಿದ್ಧಮಾಡುವವರು ಒಬ್ಬರು, 8. ಅಡುಗೆಮನೆಯವರು ಇಬ್ಬರು, ತಲಾ 6. ಒಟ್ಟು 60 ಪಾಯಿಂಟ್, ಪಾಯಿಂಟ್‌ಗೆ 100. ಸಪ್ಲೈಯರ್‌ಗೆ 1000, ತಟ್ಟೆ ಎತ್ತುವವರಿಗೆ 500, ಪಾನೀಯದವರಿಗೆ 800, ಅಡುಗೆಯವರಿಗೆ 600. ಅರ್ಧ ಶಿಫ್ಟ್ ದುಡಿದವರಿಗೆ ಅವರ ಪಾಯಿಂಟ್‌ಗಳಲ್ಲಿ ಅರ್ಧ. ಈ ಲೆಕ್ಕದ ಹಾಳೆ ಎಲ್ಲರೂ ನೋಡುವ ಗೋಡೆಯ ಮೇಲೆ ಇದ್ದರೆ ಜಗಳವಿಲ್ಲ. ಮ್ಯಾನೇಜರ್ ಡ್ರಾಯರಿನಲ್ಲಿದ್ದರೆ ಅನುಮಾನ ಬೆಳೆಯುತ್ತದೆ, ಸಾಮಾನ್ಯವಾಗಿ ಅನುಮಾನಕ್ಕೆ ಕಾರಣವೂ ಇರುತ್ತದೆ. ಮ್ಯಾನೇಜರ್, ಸೂಪರ್‌ವೈಸರ್‌ಗಳು ಇತರರ ಟಿಪ್ಸ್‌ನಲ್ಲಿ ಪಾಲು ತೆಗೆದುಕೊಳ್ಳುವುದನ್ನು ಅಮೆರಿಕ 2018ರಲ್ಲಿ ಕಾನೂನಿನಿಂದಲೇ ನಿಷೇಧಿಸಬೇಕಾಯಿತು.

ಇನ್ನೊಂದು ಪದ್ಧತಿಯಲ್ಲಿ ಸಪ್ಲೈಯರ್ ತನ್ನ ಟಿಪ್ಸ್ ತಾನೇ ಇಟ್ಟುಕೊಂಡು, ಸಹಾಯಕರಿಗೆ ಒಂದು ಪಾಲು ಕೊಡಬೇಕು. ಆ ಪಾಲನ್ನು ಬಂದ ಟಿಪ್ಸ್‌ನ ಮೇಲೆ ಲೆಕ್ಕ ಹಾಕಿದರೆ ತೊಂದರೆ ಇಲ್ಲ. ಮಾರಾಟದ ಮೇಲೆ ಲೆಕ್ಕ ಹಾಕಿದರೆ ಬಡವಾಗುವುದು ಸಪ್ಲೈಯರ್: ಮಾರಾಟದ ಶೇ 4 ಎಂದಿದ್ದು, ನಿಮ್ಮ ಮೇಜಿನ ಬಿಲ್ 1000 ಆಗಿದ್ದರೆ, ನೀವು ಏನೂ ಕೊಡದಿದ್ದರೂ ಅವರ ಲೆಕ್ಕದಿಂದ 40 ಹೋಗುತ್ತದೆ. ಬೇರೆ ಮೇಜಿನವರು ಕೊಟ್ಟದ್ದರಿಂದ ನಿಮ್ಮ ಮೇಜಿನ ಸಾಲ ತೀರಿಸಿದಂತೆ.

ಆಯಾ ಊರಿನ ಸಂಬಳದ ನಿಯಮವೂ ಇದಕ್ಕೆ ಸೇರುತ್ತದೆ. ಅಮೆರಿಕದಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅದು ಕದಲಿಲ್ಲ. ಸಾಮಾನ್ಯ ಕನಿಷ್ಠ ಕೂಲಿ 7.25. ನಡುವಿನ 5.12 ಡಾಲರ್ ಟಿಪ್ಸ್‌ನಿಂದ ಬರಬೇಕೆಂಬ ಲೆಕ್ಕ, ಬರದಿದ್ದರೆ ಮಾಲೀಕರು ತುಂಬಿಕೊಡಬೇಕು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನೆಸೋಟ ಮುಂತಾದ ಏಳು ರಾಜ್ಯಗಳು ಈ ಕಡಿತ ಒಪ್ಪದೆ ಪೂರ್ತಿ ಕೂಲಿ ಕೊಡಿಸುತ್ತವೆ. 2.13 ನಡೆಯುವ ಕಡೆ ಟಿಪ್ಸ್ ಬಿಡುವುದೆಂದರೆ ಕೂಲಿಗೇ ಕೈ ಹಾಕಿದಂತೆ. ಪೂರ್ತಿ ಸಂಬಳ ಇರುವ ಕಡೆ ಅದು ಮೆಚ್ಚುಗೆ, ಕಡಿಮೆ ಕೊಟ್ಟರೂ ನಡೆಯುತ್ತದೆ. ಜಪಾನಿನಂಥ ಕಡೆ ರೂಢಿಯೇ ಇಲ್ಲ, ಮೇಜಿನ ಮೇಲೆ ಬಿಟ್ಟ ಹಣವನ್ನು ಮರೆತುಹೋದಿರಿ ಎಂದು ಹಿಂದೆಯೇ ಓಡಿಬಂದು ಕೊಡಬಹುದು, ಅಲ್ಲಿ ಕೊಡಬೇಡಿ.

ಟಿಪ್ಸನ್ನೇ ತೆಗೆದುಬಿಟ್ಟು ಬೆಲೆಯಲ್ಲಿ ಸೇರಿಸುವುದು ಒಳ್ಳೆಯದಲ್ಲವೇ? ತಾತ್ವಿಕವಾಗಿ ನನಗೂ ಅದೇ ಸರಿ ಎನಿಸುತ್ತದೆ, ನಡೆಸುವುದು ಕಷ್ಟ. ನ್ಯೂಯಾರ್ಕಿನ ಡ್ಯಾನಿ ಮೇಯರ್ ಅವರ ಯೂನಿಯನ್ ಸ್ಕ್ವೇರ್ ಹಾಸ್ಪಿಟಾಲಿಟಿ ಗ್ರೂಪ್ 2015ರಲ್ಲಿ ಟಿಪ್ಸ್ ರದ್ದುಮಾಡಿ ಮೆನು ಬೆಲೆ ಏರಿಸಿತು, 2020ರಲ್ಲಿ ಕೈಬಿಟ್ಟು ಟಿಪ್ಸ್‌ಗೆ ಮರಳಿತು. ಪಕ್ಕದ ಹೋಟೆಲ್ ಅದೇ ಊಟವನ್ನು ಕಡಿಮೆ ಬೆಲೆ ಬರೆದು ಮಾರುತ್ತಿರುವಾಗ, ಒಂದೇ ಹೋಟೆಲ್ ಪೂರ್ತಿ ಬೆಲೆ ಬರೆದರೆ ದುಬಾರಿಯಾಗಿ ಕಾಣುತ್ತದೆ.

ಸೇವೆ ಚೆನ್ನಾಗಿರದಿದ್ದರೆ

ಟಿಪ್ಸ್ ಕಡಿಮೆ ಮಾಡಿದರೆ ಸೇವೆ ಸುಧಾರಿಸುತ್ತದೆ ಎಂಬ ನಂಬಿಕೆಗೆ ಬಲವಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಈ ವಿಷಯವನ್ನೇ ದಶಕಗಳ ಕಾಲ ಅಧ್ಯಯನ ಮಾಡಿದವರು. ಸೇವೆಯ ಗುಣಮಟ್ಟಕ್ಕೂ ಟಿಪ್ಸ್‌ನ ಮೊತ್ತಕ್ಕೂ ಇರುವ ನಂಟು ಬಹಳ ದುರ್ಬಲ ಎಂದು ಅವರು ತೋರಿಸಿದ್ದಾರೆ. ಕಡಿಮೆ ಟಿಪ್ಸ್ ಕಂಡ ಸಪ್ಲೈಯರ್‌ಗೆ ಗ್ರಾಹಕರಿಗೆ ಸಿಟ್ಟು ಬಂದಿತೋ, ಅವರ ಕೈಯೇ ಬಿಗಿಯೋ ತಿಳಿಯುವುದಿಲ್ಲ.

ಮೊದಲು ತಪ್ಪು ಯಾರದೆಂದು ಗುರುತಿಸಿ. ಆರ್ಡರ್ ಕೊಟ್ಟು ಬಹಳ ಹೊತ್ತಾದ ಮೇಲೆ ಹೊಗೆಯಾಡುತ್ತ ಬಂದರೆ ತಡವಾದದ್ದು ಅಡುಗೆಮನೆಯಲ್ಲಿ. ತಟ್ಟೆಯ ಅಂಚು ಕೈ ಸುಡುವಷ್ಟು ಬಿಸಿ, ಆದರೆ ಮೇಲಿನ ರಸ ಪೊರೆ ಕಟ್ಟಿ ಅಂಚಿನಲ್ಲಿ ಒಣಗಿದ್ದರೆ, ಅಡುಗೆ ಮುಗಿದು ಬಿಸಿದೀಪದ ಕೆಳಗೆ ಕಾಯುತ್ತ ಕುಳಿತಿತ್ತು. ಎತ್ತಿ ತರಲು ಜನ ಸಾಲದು ಎಂದು ಅರ್ಥ, ಅದು ಮಾಲೀಕರ ಲೆಕ್ಕಾಚಾರ. ಕೇಳಿದ್ದು ಬಿಟ್ಟು ಬೇರೆ ಬಂದರೆ, ಬಿಲ್ಲಿನಲ್ಲೂ ಅದೇ ತಪ್ಪು ಐಟಂ ಇದ್ದರೆ ಆರ್ಡರ್ ತುಂಬುವಾಗ ಆದದ್ದು. ಬಿಲ್ ಸರಿ ಇದ್ದು ತಟ್ಟೆ ತಪ್ಪಾಗಿದ್ದರೆ ಅಡುಗೆಮನೆಯಲ್ಲಿ ಆದದ್ದು. ನೀರು ಕೇಳಿದರೂ ತಿರುಗಿ ನೋಡದಿರುವುದು, ತಡವಾಗುತ್ತದೆ ಎಂದು ಒಂದು ಮಾತೂ ಹೇಳದಿರುವುದು, ಒರಟು ಮಾತು, ಇವು ಸಪ್ಲೈಯರ್ ಪಾಲಿನವು. ಇವಕ್ಕೆ ಟಿಪ್ಸ್ ತಗ್ಗಿಸಿ, ತಗ್ಗಿಸಿದ ಕಾರಣವನ್ನು ಸಮಾಧಾನದಿಂದ ಹೇಳಿ. ಉಳಿದವಕ್ಕೆ ಮ್ಯಾನೇಜರನ್ನು ಊಟದ ಮಧ್ಯದಲ್ಲೇ ಕರೆಯಿರಿ, ಆಗ ಬದಲಿಸಿಕೊಡಲು ಸಾಧ್ಯ. ಬಿಲ್ಲಿನಲ್ಲಿ ಆ ಐಟಂ ತೆಗೆಸುವುದು ಮಾಲೀಕರಿಗೆ ತಟ್ಟುತ್ತದೆ, ಟಿಪ್ಸ್ ಕಡಿಯುವುದು ತಟ್ಟುವುದಿಲ್ಲ.

ಹೋಟೆಲ್ ನಡೆಸುವವರು ಓದುತ್ತಿದ್ದರೆ ಅವರಿಗೂ ಒಂದು ಮಾತು. ಮೆಷಿನ್‌ನಲ್ಲಿ ಶೇಕಡಾ ಲೆಕ್ಕವನ್ನು ತೆರಿಗೆಗೆ ಮುಂಚಿನ ಮೊತ್ತಕ್ಕೆ ಹೊಂದಿಸಿ. ಸರ್ವೀಸ್ ಚಾರ್ಜ್ ಹಾಕುವ ಬಿಲ್‌ಗಳಿಗೆ ಟಿಪ್ಸ್ ಪರದೆಯನ್ನು ಬಂದ್ ಮಾಡಿ. "ಟಿಪ್ಸ್ ಬೇಡ" ಬಟನ್ ಬೇರೆಯವುಗಳಷ್ಟೇ ದೊಡ್ಡದಿರಲಿ, ಗ್ರಾಹಕರು ಒತ್ತುವಾಗ ಸಪ್ಲೈಯರ್ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ಅಭ್ಯಾಸ ಮಾಡಿಸಿ. ರಸೀದಿಯಲ್ಲಿ ಟಿಪ್ಸ್‌ಗೆ ಪ್ರತ್ಯೇಕ ಸಾಲು ಬರಲಿ, ಹಂಚಿಕೆಯ ನಿಯಮ ಮೆನುವಿನ ಕೊನೆಯ ಪುಟದಲ್ಲಿ ಎರಡು ಸಾಲಿನಲ್ಲಿ ಅಚ್ಚಾಗಲಿ. ಅಷ್ಟು ಮಾಡಿದ ಜಾಗದಲ್ಲಿ ನಾನು ಕಾರ್ಡಿನಲ್ಲೇ ಟಿಪ್ಸ್ ಕೊಡಲು ಹಿಂಜರಿಯುವುದಿಲ್ಲ.